ಆಪರೇಟರ್ ಕೇಳಿಸಿಕೊಂಡ ಹದಿನೇಳು ವಾಕ್ಯಗಳು

ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರಿಗೆ ಆಗ ನಲವತ್ತೆರಡು ವಯಸ್ಸು. ಹದಿನೆಂಟು ವರ್ಷದಿಂದ ಹೆಡ್‌ಫೋನ್ ಸಿಕ್ಕಿಸಿಕೊಂಡು, ದೇಶದೇಶದವರ ಇಂಗ್ಲಿಷ್ ಕೇಳಿ, ಅವರನ್ನು ಬೇಕಾದ ವಾರ್ಡಿಗೆ ದಾಟಿಸುವುದು ಅವಳ ಕೆಲಸ. ಮಗಳು ಕಾಲೇಜು ಮೆಟ್ಟಿಲು ಹತ್ತಿದ ವರ್ಷವೇ ಅವಳೂ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಾಕ್ಯರಚನೆಯ ತರಗತಿಗೆ ಸೇರಿದಳು. ಕಾಡಿಬೇಡಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡು, ಬೆಳಿಗ್ಗೆ ಎಂಟಕ್ಕೆಲ್ಲ ಕೊನೆಯ ಬೆಂಚಿನಲ್ಲಿ ಹಾಜರಾಗುತ್ತಿದ್ದಳು.

"ಈ ವಯಸ್ಸಲ್ಲಿ ವ್ಯಾಕರಣ ಕಲಿತು ಯಾವ ಕೋಟೆ ಗೆಲ್ಲಬೇಕಮ್ಮ?" ಎಂದು ಅತ್ತೆ ನಕ್ಕರು. ನಕ್ಕರೂ ಬೆಳಗಿನ ಅಡುಗೆಯನ್ನು ಮಾತ್ರ ತಾವೇ ವಹಿಸಿಕೊಂಡರು.

ಪಾಠ ಮಾಡುವ ಪ್ರೊಫೆಸರಿಗೆ ಹುಡುಗರು ಇಟ್ಟ ಹೆಸರು ಚುಕ್ಕಿ ಮೇಡಂ. ಇಂಗ್ಲಿಷ್ ಆಡುವವರ ಬಾಯಲ್ಲಿ ಬಾರದ ವಾಕ್ಯದ ಮುಂದೆ ಅವರು ಬೋರ್ಡಿನ ಮೇಲೊಂದು ನಕ್ಷತ್ರ ಬರೆಯುತ್ತಿದ್ದರು. "ಹೀಗೇ ಮಾತಾಡಿ ಅಂತ ಹೇಳೋಕೆ ನಾವಿಲ್ಲಿ ಕೂತಿಲ್ಲ. ಜನ ಹೇಗೆ ಮಾತಾಡ್ತಾರೆ, ಆ ಮಾತಿನ ಕಟ್ಟು ಎಂಥದು ಅಂತ ನೋಡೋಕೆ ಕೂತಿದೀವಿ" ಎಂದು ಮೊದಲ ದಿನವೇ ಹೇಳಿದ್ದರು. ತಪ್ಪು ಇಂಗ್ಲಿಷಿಗಾಗಿ ಶಾಲೆಯಲ್ಲಿ ಬೆರಳ ಗಂಟಿಗೆ ಪೆಟ್ಟು ತಿಂದಿದ್ದ ಆಪರೇಟರಿಗೆ ಆ ಮಾತು ಕೇಳಿ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಒಂದು ದಿನ ಮೇಡಂ ಎರಡು ವಾಕ್ಯ ಬರೆದರು. ‘ಹೂ ಡಿಡ್ ಯು ಸೇ ಕಾಲ್ಡ್?’ ಯಾರು ಫೋನ್ ಮಾಡಿದರು ಅಂದಿರಿ ಎಂದು ಅರ್ಥ. ಅದರ ಕೆಳಗೆ, ನಡುವೆ ‘ದ್ಯಾಟ್’ ಸೇರಿಸಿ, ‘ಹೂ ಡಿಡ್ ಯು ಸೇ ದ್ಯಾಟ್ ಕಾಲ್ಡ್?’ ಈ ಎರಡನೆಯದಕ್ಕೆ ನಕ್ಷತ್ರ ಬಿತ್ತು. "ಇದನ್ನ ಯಾರೂ ಹೇಳಲ್ಲ."

ಆಪರೇಟರ್ ಎದ್ದು ನಿಂತಳು. "ನಾನು ಕೇಳಿದೀನಿ ಮೇಡಂ. ಫೋನಲ್ಲಿ."

ತರಗತಿ ಗೊಳ್ಳೆಂದಿತು. ಮೇಡಂ ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಕೇಳಿದರು: "ನಿಜವಾಗ್ಲೂ?"

"ಕೇಳಿದ ನೆನಪು."

"ಹಾಗಾದ್ರೆ ಒಂದು ತಿಂಗಳು ಕಿವಿ ನೆಟ್ಟಗಿಟ್ಕೊಳ್ಳಿ. ಕೇಳಿದ್ದನ್ನ ಒಂದಕ್ಷರನೂ ತಿದ್ದದೆ ಬರ್ಕೊಳ್ಳಿ. ಫೋನ್ ಮಾಡಿದವರ ಹೆಸರು, ಕಾಯಿಲೆ, ಏನೂ ಬೇಡ. ಬರೀ ಆ ವಾಕ್ಯ."

ತಿಂಗಳು ತುಂಬುವಷ್ಟರಲ್ಲಿ ಅವಳ ಚೀಟಿಗಳಲ್ಲಿ ಹದಿನೇಳು ವಾಕ್ಯ ಕೂಡಿದವು. ಭಾನುವಾರ ಊಟದ ಮೇಜಿನ ಮೇಲೆ ಅವನ್ನು ಹರಡಿಕೊಂಡು ನೋಟ್‌ಬುಕ್ಕಿಗೆ ಇಳಿಸುತ್ತಿದ್ದಾಗ ಅವಳ ಮುಖ ಸಪ್ಪಗಾಯಿತು. ಮೇಡಂ ಬರೆದ ಅದೇ ಕಟ್ಟಿನ ವಾಕ್ಯ ಎರಡೇ ಇದ್ದವು. ಉಳಿದ ಹದಿನೈದರಲ್ಲಿ ‘ದ್ಯಾಟ್’ ಆದಮೇಲೆ ‘ದಿಸ್ ಮಾರ್ನಿಂಗ್’ ಅಂತಲೋ ‘ಜಸ್ಟ್ ನೌ’ ಅಂತಲೋ ಕಾಲ ಹೇಳುವ ಮಾತೊಂದು ನಡುವೆ ತೂರಿಕೊಂಡಿತ್ತು: ‘ಹೂ ಡಿಡ್ ಯು ಸೇ ದ್ಯಾಟ್ ಜಸ್ಟ್ ನೌ ಕಾಲ್ಡ್?’

"ಅಷ್ಟೇನಾ? ಆ ಪದ ಹೊಡೆದುಹಾಕಮ್ಮ, ಹದಿನೇಳಕ್ಕೆ ಹದಿನೇಳೂ ಸರಿಹೋಗುತ್ತೆ" ಎಂದಳು ಮಗಳು.

"ಒಂದಕ್ಷರ ತಿದ್ದಬೇಡಿ ಅಂದಿದಾರೆ ಕಣೇ. ಸೋತ್ರೆ ಸೋತೆ."

ಮರುದಿನ ನೋಟ್‌ಬುಕ್ ಒಪ್ಪಿಸಿ, "ನಾನು ಅವಸರಪಟ್ಟೆ ಮೇಡಂ. ಎರಡೇ ಸಿಕ್ಕಿದ್ದು" ಎಂದು ತಲೆ ತಗ್ಗಿಸಿದಳು. ಮೇಡಂ ಕನ್ನಡಕ ಏರಿಸಿ ಪಟ್ಟಿಯನ್ನು ಓದಿದರು, ಮತ್ತೆ ಮೊದಲಿಂದ ಓದಿದರು. ಆಮೇಲೆ ತರಗತಿಯ ಕಡೆ ತಿರುಗಿದರು.

"ಅವತ್ತು ನಕ್ಕವರು ಕೇಳಿಸ್ಕೊಳ್ಳಿ. ಯಾರೂ ಹೇಳಲ್ಲ ಅಂದೆನಲ್ಲ, ಅದು ನನ್ನ ತಪ್ಪು. ಇಬ್ಬರು ಹೇಳಿದಾರೆ, ಅವರ ಕಡೆ ಹಾಗೆ ಆಡ್ತಾರೇನೋ. ಇನ್ನು ಈ ಹದಿನೈದು! ನಡುವೆ ಒಂದು ಮಾತು ಬಂದ್ರೆ ವಾಕ್ಯ ಸಲೀಸಾಗುತ್ತೆ. ಪಂಡಿತರು ಇದನ್ನ ಗುರುತಿಸಿದಾರೆ, ಲೇಖನಗಳೂ ಇವೆ. ನಿಮಗೆ ಕಷ್ಟ ಆಗುತ್ತೆ ಅಂತ ನಾನು ಹಾರಿಸಿಬಿಟ್ಟಿದ್ದೆ. ಆದ್ರೆ ಒಂದು ಪುಟನೂ ಓದದೆ, ಬರೀ ಕಿವಿಯಿಂದ ಇದನ್ನ ಹಿಡಿದವರನ್ನ ನಾನು ನೋಡ್ತಿರೋದು ಇವತ್ತೇ."

ಹೇಳಿದವರೇ ಸೀಮೆಸುಣ್ಣವನ್ನು ಅವಳ ಕೈಗಿತ್ತು, ಹೋಗಿ ಕೊನೆಯ ಬೆಂಚಿನಲ್ಲಿ ಪೆನ್ನು ತೆರೆದು ಕೂತರು. ಆಪರೇಟರ್ ಸೀಮೆಸುಣ್ಣ ಹಿಡಿದು ಬೋರ್ಡಿನತ್ತ ನಡೆದಳು. ಮೂವತ್ತು ವರ್ಷ ಪಾಠ ಮಾಡಿದವರು ತುಂಬಿದ ತರಗತಿಯಲ್ಲಿ ಇಷ್ಟು ಹಗುರಾಗಿ ‘ನನ್ನ ತಪ್ಪು’ ಅನ್ನಬಲ್ಲರೇ! ಹದಿನೇಳೂ ವಾಕ್ಯಗಳನ್ನು ಬೋರ್ಡಿಗೆ ಏರಿಸಿ, ತಡವರಿಸುತ್ತಲೇ ವಿವರಿಸಿದಳು. ಕೊನೆಗೆ ಹಿಂದಿನಿಂದ ಮೇಡಂ ಕೈ ಎತ್ತಿದರು.

"ನಡುವೆ ಮಾತು ಬಂದ್ರೆ ಯಾಕೆ ಸಲೀಸಾಗುತ್ತೆ?"

ಅವಳು ಬೋರ್ಡು ನೋಡಿದಳು, ನೆಲ ನೋಡಿದಳು. "ಗೊತ್ತಿಲ್ಲ ಮೇಡಂ."

"ನಂಗೂ ಪೂರ್ತಿ ಗೊತ್ತಿಲ್ಲ. ಒಬ್ಬೊಬ್ಬರು ಒಂದೊಂದು ಕಾರಣ ಕೊಡ್ತಾರೆ. ಮಧ್ಯಾಹ್ನ ಲೈಬ್ರರಿಗೆ ಬನ್ನಿ, ಒಟ್ಟಿಗೆ ಓದೋಣ."

ಅವಳು ಆಸ್ಪತ್ರೆಗೆ ಫೋನ್ ಮಾಡಿ, ಕೆಲಸಕ್ಕೆ ಸೇರಿದಮೇಲೆ ಮೊದಲ ಸಲ, ಎರಡು ಗಂಟೆ ತಡವಾಗಿ ಬರುತ್ತೇನೆಂದು ಹೇಳಿದಳು.