ಸುಣ್ಣದೊಳಗಿನ ಗಾಸ್ಪರೊ

ಬೆಳಗ್ಗೆ ಎಂಟರ ಸುಮಾರಿಗೆ ನಮ್ಮ ಚಿಕ್ಕ ಇಗರ್ಜಿಯ ಬಾಗಿಲು ತೆರೆದರೆ ಸರೋವರದ ಬೆಳಕು ಒಳಗೆ ಬರುತ್ತಿತ್ತು. ಬಿಸಿಲು ನೇರವಾಗಿ ಬೀಳುತ್ತಿರಲಿಲ್ಲ; ನೀರಿಗೆ ಬಿದ್ದು, ಅಲ್ಲಿಂದ ಪುಟಿದು, ಬಡಗಣ ಗೋಡೆಯ ಮೇಲೆ ಬಲೆಯ ಹಾಗೆ ಹರಡಿ ಅಲುಗುತ್ತಿತ್ತು. ಆ ಗೋಡೆಗೆ ವರ್ಷವರ್ಷವೂ ಸುಣ್ಣ ಬಳಿಯುವುದು ನಮ್ಮ ಮನೆತನದ ಕೆಲಸ. ಗೋಡೆ ಬೆಳ್ಳಗಿದ್ದಷ್ಟೂ ಬೆಳಕು ಚೆನ್ನಾಗಿ ಆಡುತ್ತದೆ ಎಂದು ಅಪ್ಪ ಹೇಳುತ್ತಿದ್ದ.

ನಮ್ಮದು ಹೊರಗಿನವರು ನೋಡಲು ಬರುವ ಊರು. ಹಿಂದೆ ರೇಷ್ಮೆ ವ್ಯಾಪಾರಿಗಳು ಕಟ್ಟಿಸಿದ ಬಂಗಲೆಗಳು, ನೀರಿನೊಳಕ್ಕೇ ಇಳಿದುಹೋಗುವ ಕಲ್ಲಿನ ಮೆಟ್ಟಿಲುಗಳು, ಮೂಗು ಮುರಿದ ಅಮೃತಶಿಲೆಯ ದೇವತೆಗಳು ನಿಂತಿರುವ ತೋಟಗಳು. ವಸಂತದಲ್ಲಿ ಮೊದಲ ಉಗಿಹಡಗು ಕೂಗಿದರೆ ಹೋಟೆಲುಗಳ ಹಸಿರು ಕಿಟಕಿಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ಬಂದವರು ಬಂಗಲೆ ನೋಡಿ ಬೆರಗಾಗಿ ಹೋಗುತ್ತಿದ್ದರು. ಇಗರ್ಜಿಯತ್ತ ಯಾರೂ ಸುಳಿಯುತ್ತಿರಲಿಲ್ಲ. ಅಲ್ಲಿ ನೋಡಲು ಏನಿತ್ತು, ಒಂದು ಬಿಳಿ ಗೋಡೆ.

ಊರಿನವರಿಗೆ ಮಾತ್ರ ಅದು ಬರೀ ಗೋಡೆಯಾಗಿರಲಿಲ್ಲ. ನಮ್ಮ ಸರೋವರ ಬಹಳ ಆಳ. ಮುಳುಗಿದವರನ್ನು ಹಿಂದಕ್ಕೆ ಕೊಡುವುದಿಲ್ಲ. ದೇಹ ಸಿಗದವರಿಗೆ ಸಮಾಧಿಯೂ ಇಲ್ಲ. ಅಂಥವರ ಹೆಸರನ್ನು ಮುಂದಿನ ವಸಂತದಲ್ಲಿ ಸುಣ್ಣ ಬಳಿಯುವವನು ಇದ್ದಿಲಿನಿಂದ ಆ ಗೋಡೆಯ ಮೇಲೆ ಬರೆದು, ಆ ಕ್ಷಣವೇ ಅದರ ಮೇಲೆ ಸುಣ್ಣ ಎಳೆಯಬೇಕು. ಬಾಗಿಲು ಮುಚ್ಚಿರಬೇಕು, ಮನೆಯವರು ಹೊರಗೆ ನಿಂತಿರಬೇಕು. ಯಾರು ಶುರುಮಾಡಿದರೋ ಗೊತ್ತಿಲ್ಲ, ಹಿಂದಿನಿಂದ ಬಂದ ನಡೆ. ಹಳೆಯ ಸುಣ್ಣವನ್ನು ಯಾರೂ ಹೆರೆಯುತ್ತಿರಲಿಲ್ಲ. ಹಾಗಾಗಿ ಗೋಡೆ ಹೆಸರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ದಪ್ಪವಾಗುತ್ತ ಹೋಯಿತು.

ಅಪ್ಪ ತೀರಿಕೊಂಡ ಚಳಿಗಾಲದಲ್ಲೇ ಗಾಸ್ಪರೊ ಮುಳುಗಿದ. ಹೋಟೆಲಿನ ಅತಿಥಿಗಳನ್ನು ಆಚೆ ದಡಕ್ಕೆ ದಾಟಿಸುವ ದೋಣಿಯವನು. ನಮ್ಮಲ್ಲಿ ನಿಂತೇ ಹುಟ್ಟು ಹಾಕುತ್ತಾರೆ. ಅವನು ಮಾತ್ರ ಒಂದು ಕಾಲನ್ನು ದೋಣಿಯ ಅಂಚಿನ ಮೇಲಿಟ್ಟು, ಟೋಪಿಯನ್ನು ಹಿಂದಕ್ಕೆ ತಳ್ಳಿ, ಕುಣಿಯಲು ಹೊರಟವನ ಹಾಗೆ ನಿಲ್ಲುತ್ತಿದ್ದ. ವಸಂತ ಬಂದಾಗ ಸುಣ್ಣದ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವನ ಹೆಂಡತಿ ಒರ್ಸೊಲಕ್ಕ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು, "ದೊಡ್ಡದಾಗಿ ಬರಿಯಪ್ಪ. ಅವರಿಗೆ ಸಣ್ಣದು ಯಾವುದೂ ಸೇರ್ತಿರಲಿಲ್ಲ" ಎಂದಳು. ನಾನು ಬಾಗಿಲು ಮುಚ್ಚಿಕೊಂಡೆ. ಕೈಯಲ್ಲಿ ಇದ್ದಿಲು. ನಾನು ಶಾಲೆಗೆ ಹೋದದ್ದು ಎರಡು ಚಳಿಗಾಲ. ಅಕ್ಷರ ಬಲ್ಲವನು ಅಪ್ಪ, ನಾನಲ್ಲ. ಪಾದ್ರಿಗಳ ಹತ್ತಿರ ಒಂದು ಚೀಟಿ ಬರೆಸಿಕೊಂಡು ನೋಡಿ ಬರೆಯಬಹುದಿತ್ತು. ಇಪ್ಪತ್ತು ವರ್ಷದ ಗಂಡಸಿಗೆ ನಾಚಿಕೆ ಅಡ್ಡ ಬಂತು. ಬಹಳ ಹೊತ್ತು ನಿಂತೆ. ಕೊನೆಗೆ ನನಗೆ ಬರುವುದನ್ನು ಮಾಡಿದೆ: ಒಂದು ದೋಣಿ, ಅದರಲ್ಲಿ ಕಾಲು ಮಡಿಸಿ ನಿಂತ ಒಬ್ಬ ಮನುಷ್ಯ. ಅದರ ಮೇಲೆ ಸುಣ್ಣ ಎಳೆದು ಹೊರಗೆ ಬಂದೆ.

"ಬರೆದ್ಯಾ?"

"ಬರೆದೆ ಅಕ್ಕ."

ಹದಿನೆಂಟು ವರ್ಷ ಆಕೆ ಭಾನುವಾರ ತಪ್ಪದೆ ಬಂದು ಆ ಗೋಡೆಗೆ ಅಂಗೈ ಇಟ್ಟು ನಿಲ್ಲುತ್ತಿದ್ದಳು. ಅವಳು ಎದುರಿಗೆ ಸಿಕ್ಕರೆ ನಾನು ಪಕ್ಕದ ಓಣಿ ಹಿಡಿಯುತ್ತಿದ್ದೆ.

ಒಂದು ಮಾಗಿಯಲ್ಲಿ ಸೂರು ಸೋರಿ, ಗೋಡೆಯ ಮೇಲ್ತುದಿಯಲ್ಲಿ ಅಂಗೈಯಗಲದ ಸುಣ್ಣದ ಚಕ್ಕೆ ಉದುರಿತು. ಅದರಡಿಯಲ್ಲಿ ಒಂದು ಕಣ್ಣಿತ್ತು. ಬರೆದ ಕಣ್ಣು, ಆದರೆ ನಮ್ಮನ್ನೇ ನೋಡುತ್ತಿತ್ತು. ಪಾದ್ರಿಗಳು ಪಟ್ಟಣಕ್ಕೆ ಕಾಗದ ಬರೆದರು. ಮುಚ್ಚಿಹೋದ ಹಳೆಯ ಚಿತ್ರಗಳನ್ನು ಹೊರತೆಗೆಯುವ ಎಲ್ವಿರಾ ಎಂಬ ಹೆಂಗಸು ಬಂದಳು. ಗೋಡೆಗೆ ಕಿವಿಯಿಟ್ಟು, ಬೆರಳಿಂದ ಬಡಿದು, "ಇದರ ತುಂಬ ಚಿತ್ರವಿದೆ. ನಾನೂರು ವರ್ಷಕ್ಕೆ ಕಡಿಮೆಯಿಲ್ಲ. ಯಾವುದೋ ಸಾಂಕ್ರಾಮಿಕದ ಕಾಲದಲ್ಲಿ ಸೋಂಕು ಹೋಗಲೆಂದು ಸುಣ್ಣ ಬಳಿದಿರಬೇಕು" ಎಂದಳು.

ಊರು ಎರಡಾಯಿತು. ಚಿತ್ರ ಬೇಕು ಎಂದವರು ಕೆಲವರು. ಹೆಸರುಗಳನ್ನು ಕೆದಕಬಾರದು ಎಂದವರು ಕೆಲವರು. ಎಲ್ಲರೂ ಒರ್ಸೊಲಕ್ಕನ ಮುಖ ನೋಡಿದರು, ಕೊನೆಯ ಹೆಸರು ಅವಳ ಮನೆಯದು.

"ಹೆರೆಯುವಾಗ ಹೆಸರು ಕಾಣುತ್ತಾ ಅಮ್ಮಾ?" ಎಂದು ಅವಳು ಎಲ್ವಿರಾಳನ್ನು ಕೇಳಿದಳು.

"ಕಾಣುತ್ತೆ. ಇದ್ದಿಲು ಇರುವ ಕಡೆ ಸುಣ್ಣ ಗಟ್ಟಿಯಾಗಿ ಕಚ್ಚಿಕೊಂಡಿರಲ್ಲ. ಸುಲಭವಾಗಿ ಬಿಡುತ್ತೆ."

"ಹಾಗಾದರೆ ತೆಗೀರಿ. ನಾನು ಒಂದ್ಸಲ ನೋಡಬೇಕು. ಪಾದ್ರಿಗಳು ಓದಿ ಹೇಳಲಿ, ನಾನು ಕೇಳಿಸಿಕೊಳ್ತೀನಿ."

ಪದರಗಳ ಲೆಕ್ಕ ಬಲ್ಲವನೆಂದು ಎಲ್ವಿರಾ ನನ್ನನ್ನೇ ಜೊತೆಗೆ ಇಟ್ಟುಕೊಂಡಳು.

ಎರಡು ತಿಂಗಳು ಮೇಲಿನಿಂದ ಕೆಳಗೆ, ವೈದ್ಯರ ಚಾಕುವಿನಂಥ ತೆಳು ಅಲಗಿನಿಂದ ಹೆರೆದೆವು. ಹೆಸರುಗಳು ಒಂದೊಂದಾಗಿ ಕಂಡವು. ಎಲ್ವಿರಾ ಬರೆದುಕೊಂಡಳು, ಪಾದ್ರಿಗಳು ಭಾನುವಾರ ಗಟ್ಟಿಯಾಗಿ ಓದಿದರು. ನಮ್ಮ ಅಜ್ಜನ ಕೈಬರಹ, ಅವನಪ್ಪನದು. ಎಲ್ಲವೂ ಅಕ್ಷರ. ಒಂದು ಸಂಜೆ ತಡೆಯಲಾರದೆ ಒರ್ಸೊಲಕ್ಕನ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಕುಳಿತು ಅವರೆ ಬಿಡಿಸುತ್ತಿದ್ದಳು.

"ಏನು ಅಪರೂಪ? ದಾರಿ ತಪ್ಪಿತಾ?"

"ಅಕ್ಕ, ಆ ಗೋಡೆ ವಿಷಯ..."

"ಗೊತ್ತು ಬಿಡು, ಇನ್ನು ಸ್ವಲ್ಪ ದಿನ ಅಂತ ಹೇಳಕ್ಕೆ ಬಂದಿದ್ದೀಯ. ನನ್ನ ಕರೀ ಶಾಲನ್ನು ಒಗೆದಿಟ್ಟಿದ್ದೀನಿ." ತಲೆಗೆ ಹೊದೆಯುವ ಆ ಕಪ್ಪು ಶಾಲು ಹಗ್ಗದ ಮೇಲೆ ಒಣಗುತ್ತಿತ್ತು. ನಾನು ಒಂದು ಹಿಡಿ ಅವರೆ ಬಿಡಿಸಿಕೊಟ್ಟು ಎದ್ದು ಬಂದೆ.

ಮರುದಿನ ಬೆಳಗ್ಗೆ ಎಲ್ವಿರಾ ಒದ್ದೆ ಹತ್ತಿಯಿಂದ ಗೋಡೆಯ ಮೇಲ್ಭಾಗದ ಧೂಳನ್ನೆಲ್ಲ ಒರೆಸಿ ಬಾಗಿಲು ತೆರೆದಳು. ನಮ್ಮದೇ ಸರೋವರ ಅಲ್ಲಿತ್ತು. ನಮ್ಮದೇ ಬೆಟ್ಟ, ನಮ್ಮದೇ ದೋಣಿಗಳು, ಬಲೆ ಎಳೆಯುವ ಹೆಂಗಸರು, ನೀರಿನ ಮೇಲೆ ಬಾಗಿ ಕೈಚಾಚಿದ ಒಬ್ಬ ಸಂತ. ನೀಲಿ ನಿನ್ನೆ ಹಚ್ಚಿದಂತಿತ್ತು. ಅಷ್ಟರಲ್ಲಿ ಹೊರಗಿನ ನೀರಿನ ಬೆಳಕು ಬಂದು ಒಳಗಿನ ನೀರಿನ ಮೇಲೆ ಬಿತ್ತು. ದೋಣಿಗಳು ತೇಲತೊಡಗಿದವು. ಸುಳ್ಳಲ್ಲ, ಕಣ್ಣಾರೆ ಕಂಡದ್ದು. ಆ ಚಿತ್ರಗಾರನಿಗೆ ಗೊತ್ತಿತ್ತು, ಯಾವ ಹೊತ್ತಿಗೆ ಯಾವ ಬೆಳಕು ಬರುತ್ತದೆಂದು. ನಮ್ಮ ವಂಶ ಇಷ್ಟು ಕಾಲ ಅದನ್ನು ಮುಚ್ಚುತ್ತ, ಮುಚ್ಚುತ್ತಲೇ ಕಾಪಾಡುತ್ತ ಬಂದಿತ್ತು.

ಕೊನೆಗೆ ಉಳಿದದ್ದು ಎದೆಯೆತ್ತರದ ಒಂದೇ ತುಂಡು. ಒರ್ಸೊಲಕ್ಕ ಶಾಲು ಹೊದ್ದು ಬಂದಳು. ಎಲ್ವಿರಾ ಹದಿನೆಂಟು ಪದರಗಳನ್ನು ತೆಗೆಯುವಷ್ಟು ಹೊತ್ತೂ ನಾನು ನೆಲ ನೋಡುತ್ತಿದ್ದೆ. ಇದ್ದಿಲಿನ ಕಪ್ಪು ಕಂಡಿತು. ಪಾದ್ರಿಗಳು ಕನ್ನಡಕ ಏರಿಸಿ ಬಾಗಿದರು, ತೆಗೆದು ಒರೆಸಿ ಮತ್ತೆ ಬಾಗಿದರು.

"ಓದೋಕೆ ಏನೂ ಇಲ್ಲವಲ್ಲ."

"ನನಗೆ ಅಕ್ಷರ ಬರ್ತಿರಲಿಲ್ಲ ಅಕ್ಕ," ಎಂದೆ. "ಸುಳ್ಳು ಹೇಳಿದೆ. ಹೆಸರು ಬರೆಯಲೇ ಇಲ್ಲ."

ಅವಳು ನನ್ನ ಕಡೆ ತಿರುಗಲಿಲ್ಲ. ಗೋಡೆಗೆ ಹತ್ತಿರ ಹೋದಳು. ದೋಣಿಯ ಮೇಲೆ, ಮಡಿಸಿದ ಕಾಲಿನ ಮೇಲೆ, ಹಿಂದಕ್ಕೆ ಜಾರಿದ ಟೋಪಿಯ ಮೇಲೆ ಕಣ್ಣು ಓಡಿಸಿದಳು.

"ನಿಂತಿರೋದು ನೋಡು," ಎಂದಳು. "ಎಷ್ಟು ಸಲ ಹೇಳಿದ್ದೆ, ಹಾಗೆ ನಿಲ್ಲಬೇಡಿ, ಬೀಳ್ತೀರಿ ಅಂತ." ಆಮೇಲೆ ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ ನನ್ನ ಕಿವಿ ಹಿಡಿದಳು. "ಕತ್ತೆ. ಇವರ ಮುಖವೇ ಇತ್ತಲ್ಲೋ ಇಲ್ಲಿ! ಹೇಳಿದ್ದರೆ ಇಷ್ಟು ವರ್ಷ ಮುಖ ಸವರ್ತಿದ್ದೆ, ಗೋಡೆ ಅಲ್ಲ."

ಆ ಇದ್ದಿಲಿನ ಚಿತ್ರವನ್ನು ಗೋಡೆಯಿಂದ ಹಾಗೇ ಎತ್ತಿಕೊಳ್ಳಲು ಎಲ್ವಿರಾ ಅದರ ಮೇಲೆ ತೆಳು ಬಟ್ಟೆಯನ್ನು ಅಂಟಿನಿಂದ ಅಂಟಿಸಿದಳು. ಎರಡು ದಿನ ಒಣಗಲು ಬಿಟ್ಟು, ತುದಿಯನ್ನು ಒರ್ಸೊಲಕ್ಕನ ಕೈಗೆ ಕೊಟ್ಟು, "ನಿಧಾನವಾಗಿ ಎಳೆಯಿರಿ" ಎಂದಳು. ಸಣ್ಣ ಚರಚರ ಸದ್ದಿನೊಂದಿಗೆ ಗಾಸ್ಪರೊ ಬಟ್ಟೆಗೆ ಅಂಟಿಕೊಂಡು ಗೋಡೆಯಿಂದ ಬಿಟ್ಟುಬಂದ. ಅವನ ಹಿಂದೆ ಉಳಿದಿದ್ದ ಸುಣ್ಣವನ್ನು ಹೆರೆದಾಗ ಅಲ್ಲಿದ್ದದ್ದು ಬರಿಯ ನೀರು, ತಿಳಿಯಾದ ನೀಲಿ.

"ಇದಕ್ಕೆ ಗಟ್ಟಿ ಹಿಂಬದಿ ಕೊಟ್ಟು ಚೌಕಟ್ಟು ಹಾಕಿಕೊಡುತ್ತೇನೆ. ಮನೆಯಲ್ಲಿ ನೇತುಹಾಕಿಕೊಳ್ಳಿ," ಎಂದಳು ಎಲ್ವಿರಾ.

"ಬೇಡಮ್ಮ. ಹೀಗೇ ಇರಲಿ."

ಒರ್ಸೊಲಕ್ಕ ಬಟ್ಟೆಯನ್ನು ಸುರುಳಿ ಸುತ್ತಿ, ಮಗುವನ್ನೆತ್ತುವಂತೆ ಎರಡೂ ತೋಳಿನಲ್ಲಿ ಎತ್ತಿಕೊಂಡು ಹೊರಗೆ ಬಂದಳು. ಮನೆಯ ದಾರಿ ಎಡಕ್ಕೆ. ಅವಳು ಬಲಕ್ಕೆ, ಸೈಪ್ರಸ್ ಮರಗಳ ಸಾಲು ಹಿಡಿದು ಸ್ಮಶಾನದ ಕಡೆ ತಿರುಗಿದಳು. ಪಾದ್ರಿಗಳು ಹಿಂದೆ ಹೊರಟರು. ನಾನು ಇಗರ್ಜಿಯ ಮೂಲೆಯಲ್ಲಿದ್ದ, ಮಣ್ಣು ಅಗೆಯುವ ಸನಿಕೆ ತೆಗೆದುಕೊಂಡೆ. ದಡದಲ್ಲಿ ಅತಿಥಿಗಳನ್ನು ಕೂರಿಸಿಕೊಂಡಿದ್ದ ದೋಣಿಯವರಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅವರು ಹುಟ್ಟುಗಳನ್ನು ನೀರಿನಿಂದ ಮೇಲೆತ್ತಿ, ಟೋಪಿ ತೆಗೆದು, ಅವಳು ಮರಗಳ ಮರೆಗೆ ಹೋಗುವವರೆಗೂ ಅಲುಗದೆ ನಿಂತಿದ್ದರು.