ನಿಂಬೆ ಗಿಡದ ಅಂದಾಜು ಪಟ್ಟಿ

ನಮ್ಮ ಭಾವ ಟೈಲರ್. ಕರೆಯುವುದಕ್ಕಷ್ಟೇ ಭಾವ, ಮುಖದಲ್ಲಿ ಯಾವ ಭಾವವೂ ಇಲ್ಲ ಎಂದು ಅಕ್ಕನ ಮದುವೆಯ ಮಾರನೇ ದಿನವೇ ಅವಳಿಗೆ ಹೇಳಿ ಕಿವಿ ಹಿಂಡಿಸಿಕೊಂಡವನು ನಾನು. ಭಾವನ ಬಾಯಲ್ಲಿ ಸದಾ ನಾಲ್ಕು ಗುಂಡುಪಿನ್ನು. ಅವನ್ನು ಕಚ್ಚಿಕೊಂಡೇ ಮಾತಾಡುವುದರಿಂದ ಮಾತು ತುಟಿಯ ಒಂದು ಮೂಲೆಯಿಂದ ಸೋರುತ್ತದೆ. ಆ ದನಿಯನ್ನು ಅನುಕರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಸ್ಪರ್ಧೆಗೆ ಬೇರೆ ಯಾರೂ ಇಲ್ಲ ಅನ್ನುವುದು ಬೇರೆ ವಿಷಯ.

ನನ್ನ ಕಸುಬು ಸಣ್ಣ ತೋಟಗಳ ವಿನ್ಯಾಸ, ಜೊತೆಗೆ ಒಂದು ನರ್ಸರಿ.

"ಹುಲ್ಲು ಬೆಳೆಸೋಕೂ ಡಿಗ್ರಿ ಬೇಕೇನಯ್ಯ?" ಎಂದು ಭಾವ ಒಮ್ಮೆ ಕೇಳಿದ್ದರು.

"ಬೇಕು ಭಾವ. ಡಿಗ್ರಿ ಇಲ್ಲದವನು ಬೆಳೆಸಿದ್ರೆ ಅದನ್ನ ಕಳೆ ಅಂತಾರೆ."

ಅಕ್ಕ ಕಾಯಿಲೆ ಬಿದ್ದ ಮೇಲೆ ಅವಳ ಮಂಚವನ್ನು ಹಿಂದಿನ ಕೋಣೆಯ ಕಿಟಕಿಗೆ ಎಳೆದಿದ್ದೆವು. ಕಿಟಕಿಯಾಚೆ ಹಿತ್ತಲು. ಒಡೆದ ಇಟ್ಟಿಗೆ, ತೂತು ಬಕೆಟ್ಟು, ಬಟ್ಟೆ ಒಣಗಿಸುವ ತಂತಿ.

"ದಿನಾ ಈ ಬಕೆಟ್ಟಿನ ಮುಖ ನೋಡ್ಕೊಂಡು ಮಲಗಿರಬೇಕಾ?" ಅಂದಳು ಒಂದು ಬೆಳಿಗ್ಗೆ. "ಇಷ್ಟು ಜನಕ್ಕೆ ತೋಟ ಮಾಡ್ತೀಯ, ನನಗೊಂದು ಮಾಡಿಕೊಡೋ. ನಿಂಬೆ ಗಿಡ ಇರಲೇಬೇಕು. ನನ್ನ ಕೈಯಾರೆ ಒಂದೇ ಒಂದು ಕಾಯಿ ಕೀಳಬೇಕು ಕಣೋ."

ಕೂಲಿ ನನ್ನದು, ಸಾಮಾನಿನ ಖರ್ಚು ಭಾವನದು ಎಂದು ಮಾತಾಯಿತು. ನನ್ನಿಂದ ಪುಕ್ಕಟೆ ತೆಗೆದುಕೊಳ್ಳಲು ಅವರು ಸುತಾರಾಂ ಒಪ್ಪಲಿಲ್ಲ. ಅಳತೆಗೆ ಕತ್ತಿನಲ್ಲಿದ್ದ ಹೊಲಿಗೆಯ ಟೇಪನ್ನೇ ಹಿಡಿದು ಬಂದರು. ಹದಿನೆಂಟು ಅಡಿ ಉದ್ದದ ಹಿತ್ತಲನ್ನು ಬಗ್ಗಿ ಬಗ್ಗಿ ಅಳೆದು, "ಇನ್ನೂರ ಹದಿನಾರು ಇಂಚು" ಎಂದು ಘೋಷಿಸಿದರು.

"ತೋಳಿನ ಉದ್ದ ಬರ್ಕೊಳ್ಳಲಾ ಭಾವ?" ಅಂದೆ. ಕಿಟಕಿಯೊಳಗೆ ಅಕ್ಕ ಕಿಸಕ್ಕನೆ ನಕ್ಕಳು.

ಅಂದಾಜು ಪಟ್ಟಿ ಅವರ ಕೈಗೆ ಹೋದದ್ದೇ ತಡ, ಕತ್ತರಿ ಶುರುವಾಯಿತು. ಬಳ್ಳಿಗೆ ಕಬ್ಬಿಣದ ಚಪ್ಪರ? ದಂಡ. ಹಳೇ ಪೈಪು ಸಾಕು. ಕಲ್ಲಿನ ಬೆಂಚು? ಅಂಗಡಿಯ ಬೆಂಚಿದೆ. ಕಾಲುದಾರಿಯ ಕಲ್ಲು ಮಾತ್ರ ಉಳಿಯಿತು; ಅಕ್ಕನ ಕಾಲು ಎಡವಬಾರದಲ್ಲ. ಕೊನೆಗೆ ಬಂದದ್ದು ನಿಂಬೆ.

ನಾನು ಬರೆದದ್ದು ದೊಡ್ಡ ಮರದ ಬೆಲೆ. ನನ್ನ ನರ್ಸರಿಯಲ್ಲಿ ದೊಡ್ಡ ಡ್ರಮ್ಮಿನಲ್ಲಿ ಬೆಳೆದು, ಕೊಂಬೆ ಜೋತುಬೀಳುವಷ್ಟು ಕಾಯಿ ಬಿಟ್ಟಿದ್ದ ಮರ. ಸಸಿಯ ಬೆಲೆಗೆ ಅರವತ್ತು ಪಟ್ಟು.

"ಸಸಿ ಹಾಕು" ಅಂದರು ಭಾವ.

"ಸಸಿ ಕಾಯಿ ಬಿಡೋಕೆ ಮೂರು ವರ್ಷ ಬೇಕು."

"ಬಿಡಲಿ."

"ಮೂರು ವರ್ಷ ಯಾರು ಕಾಯ್ತಾರೆ ಭಾವ?"

ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಭಾವ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಕಾಲರಿಗೆ ಚುಚ್ಚಿದರು. ಪಿನ್ನಿಲ್ಲದ ಅವರ ದನಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲವೇನೋ.

"ನಿನ್ನಕ್ಕ ಕಾಯ್ತಾಳೆ" ಅಂದರು.

ಹೆಂಡತಿಯ ಒಂದು ಆಸೆಗೂ ಚೌಕಾಸಿಯೇ? ನೆಟ್ಟಗೆ ಅಕ್ಕನ ಹತ್ತಿರ ಹೋಗಿ, ಬಾಯಿಗೆ ನಾಲ್ಕು ಬೆಂಕಿಕಡ್ಡಿ ಸಿಕ್ಕಿಸಿಕೊಂಡು, "ನಿಂಬೆಕಾಯಿ ಯಾಕೆ? ದಂಡ! ಹುಳಿ ಬೇಕಾದ್ರೆ ನನ್ನ ಮುಖ ನೋಡು!" ಎಂದು ಭಾವನ ದನಿಯಲ್ಲಿ ಗೊಣಗಿದೆ. ಅಕ್ಕ ನಗುನಗುತ್ತಾ ಕೆಮ್ಮಿದಳು, ಕೆಮ್ಮುತ್ತಾ ನೀರು ಕೇಳಿದಳು. ಆಮೇಲೆ ತಾನು ತೊಟ್ಟಿದ್ದ ಅಂಗಿಯ ಪಕ್ಕದ ಹೊಲಿಗೆಯನ್ನು ಒಳಮಗ್ಗುಲು ತಿರುಗಿಸಿ ತೋರಿಸಿದಳು.

"ಇಲ್ಲಿ ನೋಡು. ನಾನು ಸಣ್ಣಗಾದ ಹಾಗೆಲ್ಲ ನಿಮ್ಮ ಭಾವ ಇದನ್ನ ಚಿಕ್ಕದು ಮಾಡ್ತಾರೆ. ಇದು ಮೂರನೇ ಸಲ. ಒಂದು ನೂಲೂ ಕತ್ತರಿಸಿಲ್ಲ, ಎಲ್ಲಾ ಒಳಗೇ ಮಡಚಿದ್ದಾರೆ. ಮೈ ತುಂಬ್ಕೊಂಡ ಮೇಲೆ ಬಿಚ್ಚೋಕೆ ಬಟ್ಟೆ ಬೇಕಂತೆ."

ಮೂರು ಸಾಲು ಹೊಲಿಗೆ, ಒಂದರ ಒಳಗೊಂದು. ಬಟ್ಟೆ ಬೆರಳಿಗೆ ದಪ್ಪಗೆ ಸಿಕ್ಕಿತು.

"ದುಡ್ಡಿನ ಲೆಕ್ಕ ಅಲ್ಲ ಕಣೋ ಅದು. ದೊಡ್ಡ ಮರ ತಂದ್ರೆ ನನಗೆ ಟೈಮಿಲ್ಲ ಅಂತ ಅವರೇ ಒಪ್ಪಿಕೊಂಡ ಹಾಗೆ. ಸಸಿನೇ ಹಾಕು."

ಪಟ್ಟಿ ತಿದ್ದಿ ಬರೆದೆ. ಒಂದು ತಿಂಗಳಲ್ಲಿ ಕಲ್ಲು ಕೂತಿತು, ಹುಲ್ಲು ಹಿಡಿಯಿತು, ಪೈಪಿನ ಚಪ್ಪರದ ಮೇಲೆ ಬಳ್ಳಿ ಇಣುಕಿತು. ಬಕೆಟ್ಟನ್ನೂ ಅಕ್ಕ ಎಸೆಯಗೊಡಲಿಲ್ಲ; ತೂತು ಇದೆಯಲ್ಲ, ಹೂವಿನ ಕುಂಡ ಮಾಡು ಅಂದಳು. ಕಿಟಕಿಯ ಎದುರಿಗೆ ನಿಂಬೆಯ ಜಾಗ ಮಾತ್ರ ಖಾಲಿ. ಗೇಣುದ್ದದ ಸಸಿಯೊಂದನ್ನು ಆರಿಸಿ, ನೆಡುವ ಮೊದಲು ಬೇರು ಗಟ್ಟಿಯಾಗಲಿ ಎಂದು ನರ್ಸರಿಯಲ್ಲಿ ನೀರು ಹಾಕಿ ಇಟ್ಟಿದ್ದೆ.

ಒಂದು ಮಧ್ಯಾಹ್ನ ಭಾವ ನರ್ಸರಿಗೆ ಬಂದರು. ಅಂಗಡಿ ತೆರೆದಿರಬೇಕಾದ ಹೊತ್ತು. ಕತ್ತಿನಲ್ಲಿ ಟೇಪಿತ್ತು, ಬಾಯಲ್ಲಿ ಪಿನ್ನಿರಲಿಲ್ಲ. ಹಿಂದಿನ ದಿನ ಆಸ್ಪತ್ರೆಗೆ ಹೋಗಿದ್ದರೆಂದು ನನಗೆ ಗೊತ್ತಿತ್ತು. ಅಕ್ಕನನ್ನು ಹೊರಗೆ ಕೂರಿಸಿ, ಡಾಕ್ಟರು ಇವರೊಬ್ಬರನ್ನೇ ಒಳಗೆ ಕರೆದಿದ್ದರಂತೆ.

"ಆ ದೊಡ್ಡ ಮರ ಇದೆಯೇನಯ್ಯ?"

"ಯಾಕೆ ಭಾವ? ಸಸಿ ರೆಡಿ ಇದೆ, ನೋಡಿ ಎಷ್ಟು ಚೆನ್ನಾಗಿ ಚಿಗುರಿದೆ."

"ದೊಡ್ಡದೇ ಇರಲಿ. ನಾಳೆನೇ ಕಳಿಸು."

ಅವರು ಜಗಳಕ್ಕೆ ಬರಲಿ ಎಂದೇ ಸುಳ್ಳು ಹೇಳಿದೆ. "ಭಾವ, ಅದರ ಬೆಲೆ ಈಗ ಎರಡರಷ್ಟಾಗಿದೆ."

ದಂಡ ಅನ್ನಿ ಭಾವ. ನನ್ನ ಡಿಗ್ರಿಗೆ ಬೈಯಿರಿ. ಹಗಲು ದರೋಡೆ ಅನ್ನಿ.

"ಆಗಲಿ" ಅಂದರು. "ಕಾಯಿ ಉದುರದ ಹಾಗೆ ತರಿಸು."

ಮಾರನೇ ದಿನ ನಾಲ್ಕು ಜನ ಮರವನ್ನು ಹೊತ್ತು ಹಿತ್ತಲಿಗೆ ಇಳಿಸಿದರು. ನಾನು ಅಕ್ಕನ ಪಕ್ಕ ನಿಂತಿದ್ದೆ. ಅವಳು ಮೊದಲು ಮರ ನೋಡಿದಳು. ಆಮೇಲೆ ನನ್ನನ್ನು.

"ಎಷ್ಟಕ್ಕೆ ಇಳಿಸಿದ್ರು ನಿಮ್ಮ ಭಾವ?"

ಭಾವನ ದನಿಯಲ್ಲಿ ಏನಾದರೂ ಅನ್ನೋಣವೆಂದು ಜೇಬಿನಲ್ಲಿ ಬೆಂಕಿಕಡ್ಡಿ ತಡಕಿದೆ; ಪೆಟ್ಟಿಗೆ ಕೈಗೆ ಸಿಕ್ಕರೂ ತೆಗೆಯಲಿಲ್ಲ.

"ಬೆಲೆ ಕೇಳಲೇ ಇಲ್ವಾ?"

ತಲೆ ತಗ್ಗಿಸಿದೆ. ಅಕ್ಕ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಸರಿ. ನನಗೆ ಗೊತ್ತಾಯ್ತು ಅಂತ ಅವರಿಗೆ ಹೇಳಬೇಡ" ಅಂದಳು.

ಭಾವ ಒಳಗೆ ಬಂದರು, ಅಂಗೈಯಲ್ಲಿ ಮಣ್ಣು.

"ಏನ್ರೀ ಇದು, ಇಷ್ಟೊಂದು ದಂಡ? ಸಸಿ ಸಾಕಿತ್ತಲ್ಲ. ಮೂರು ವರ್ಷ ತಾನೇ, ಕಾಯ್ತಿರಲಿಲ್ವಾ ನಾನು?"

"ಅಗ್ಗಕ್ಕೆ ಸಿಕ್ತು ಕಣೇ." ಭಾವ ನನ್ನ ಕಡೆ ತಿರುಗಿದರು. "ಅರ್ಧಕ್ಕರ್ಧ ಇಳಿಸಿಬಿಟ್ಟೆ. ಅಲ್ವೇನಯ್ಯ?"

"ಹೂಂ ಅಕ್ಕ" ಅಂದೆ. "ಚರ್ಮ ಸುಲಿದುಬಿಟ್ರು ನಂದು."

ಮೂವರೂ ನಕ್ಕೆವು. ನಕ್ಕದ್ದು ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಭಾವ ಲಗುಬಗೆಯಿಂದ ಹಿತ್ತಲಿಗೆ ಹೋದರು.

ಗುಂಡಿ ಎಷ್ಟಗಲ ಬೇಕೆಂದು ಆಳುಗಳು ನನ್ನನ್ನು ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಭಾವ ಮಂಡಿಯೂರಿ ಮರದ ಬುಡಕ್ಕೆ ಟೇಪು ಹಿಡಿದದ್ದು ಕಿಟಕಿಯಿಂದ ಕಂಡಿತು.

"ಸುತ್ತ ಹನ್ನೆರಡು ಇಂಚು ಜಾಸ್ತಿ ಬಿಡ್ರಪ್ಪ" ಅಂದರು. "ಇನ್ನೂ ಬೆಳೀಬೇಕು ಅದು."

ಅಕ್ಕ ಅಂಗಿಯ ಪಕ್ಕದ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದಳು.