ಅತ್ತೆಯ ಕಾಲದ ಬೂದಿ ಡಬ್ಬಿ

ಜಮಖಂಡಿಯ ಡಾಕ್ಟರಮ್ಮ ನೋವಿನ ಗುಳಿಗೆಗಳನ್ನು ಮಲ್ಲಿನಾಥನ ಕೈಗೆ ಕೊಡದೆ ಅವನ ತಾಯಿ ಯಲ್ಲವ್ವನ ಕೈಗೆ ಕೊಟ್ಟರು. ದಿನಕ್ಕೆ ಎಂಟು ನುಂಗುತ್ತಿದ್ದಾನೆ, ವಾರಕ್ಕೊಂದರಂತೆ ಇಳಿಸಬೇಕು, ಎಷ್ಟು ಗೋಗರೆದರೂ ಹೆಚ್ಚಿಗೆ ಒಂದೂ ಕೊಡಕೂಡದು ಎಂದು ಮೂರು ಸಲ ಹೇಳಿದರು. ಯಲ್ಲವ್ವ ಮೂರು ಸಲವೂ ತಲೆಯಾಡಿಸಿದಳು. ಆಮೇಲೆ ಮಗ ಬಸ್‌ಸ್ಟ್ಯಾಂಡಿನಲ್ಲಿ ನೀರು ಕುಡಿಯಲು ಹೋದದ್ದೇ ತಡ, ಚೀಲದಿಂದ ಹಳೆಯ ಚೀಟಿ ತೆಗೆದು, ಎದುರಿನ ಔಷಧಿ ಅಂಗಡಿಯಲ್ಲಿ ಅದೇ ಗುಳಿಗೆಯ ಹತ್ತರದೊಂದು ಪಟ್ಟಿ ಕೊಂಡು ಕುಪ್ಪಸದೊಳಗೆ ಸೇರಿಸಿದಳು. ತೀರಾ ತಾಳಲಾರದಂತಾದರೆ ಇರಲಿ ಎಂದು. ಚೀಟಿಯ ತಾರೀಖು ನೋಡುವ ಗೋಜಿಗೆ ಅಂಗಡಿಯವನೂ ಹೋಗಲಿಲ್ಲ.

ಬನಹಟ್ಟಿಯ ಅವರ ಮನೆಯಲ್ಲಿ ನಾಲ್ಕು ಪಾವರ್‌ಲೂಮ್ ಓಡುತ್ತಿದ್ದವು. ಎರಡು ವರ್ಷದ ಹಿಂದೆ ನೂಲು ಸುತ್ತಿದ ಬೀಮು ಎತ್ತುವಾಗ ಮಲ್ಲಿನಾಥನ ಕಾಲು ಎಣ್ಣೆಯ ಮೇಲೆ ಜಾರಿ ಸೊಂಟ ಪೆಟ್ಟಾಯಿತು. ಹತ್ತು ದಿನಕ್ಕೆಂದು ಬರೆದ ಗುಳಿಗೆ ಎರಡು ವರ್ಷ ನಡೆಯಿತು. ಒಂದೇ ಅಂಗಡಿಯವನಿಗೆ ಸಂಶಯ ಬರಬಾರದೆಂದು ಅವನು ಒಮ್ಮೆ ರಬಕವಿ, ಒಮ್ಮೆ ಮುಧೋಳ, ಒಮ್ಮೆ ಲೋಕಾಪುರ ಎಂದು ಸುತ್ತಿದ. ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕುಡಿತವೇ, ಇಸ್ಪೀಟೇ, ಡಾಕ್ಟರು ಬರೆದ ಔಷಧವಲ್ಲವೇ? ತಲೆದಿಂಬಿನ ಹತ್ತಿರ ನೀರಿನ ತಂಬಿಗೆ ಇಟ್ಟು, ಗುಳಿಗೆ ತೆಗೆದುಕೊಂಡೆಯಾ ಎಂದು ದಿನಾ ನೆನಪಿಸಿದವಳು ಯಲ್ಲವ್ವನೇ. ಲೂಮಿನ ಮುಂದೆ ನಿಂತಲ್ಲೇ ತೂಕಡಿಸಿ ಅವನು ಬೆರಳು ಜಜ್ಜಿಕೊಂಡ ದಿನ, ಬೆರಳಿಗೆ ಬಟ್ಟೆ ಸುತ್ತುತ್ತಿದ್ದ ತಾಯಿಯ ಮುಂದೆ ಬಾಯಿಬಿಟ್ಟ.

“ನಡಾ ನೋಯೂದು ಬಿಟ್ಟ ವರ್ಷಾತು ಬೇ ಅವ್ವಾ. ಆದ್ರೂ ಗುಳಿಗಿ ಬಿಡಾಕ ಆಗವಲ್ದು.”

ಮೂವತ್ತೊಂದು ವರ್ಷದ ಮಗ ಹಾಗೆ ಅತ್ತದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಜಮಖಂಡಿಯಿಂದ ಬಂದ ಮೇಲೆ ಮೊದಲೆರಡು ವಾರ ಹೇಗೋ ಕಳೆಯಿತು. ಮೂರನೆಯ ವಾರ ಮೂಗು ಸೋರಿತು, ಮೈ ಬೆವರಿತು, ಕಾಲು ಒಂದು ಕಡೆ ನಿಲ್ಲಲಿಲ್ಲ. ಊಟದ ತಾಟನ್ನು ದೂಡಿ, ನೀನು ತಾಯಿಯೋ ಜೈಲರೋ ಎಂದುಬಿಟ್ಟ. ಆ ಮಾತು ಯಲ್ಲವ್ವನಿಗೆ ನಾಟಿತು. ಬಡಿಸುವ ಕೈಗೆ ಇಲ್ಲವೆನ್ನಲು ಯಾರೂ ಕಲಿಸಿರಲಿಲ್ಲ. ಒಳಗೆ ಹೋಗಿ, ಮುಚ್ಚಿಟ್ಟ ಪಟ್ಟಿಯಿಂದ ಒಂದು ಗುಳಿಗೆ ತಂದು ಕೊಟ್ಟಳು. ಮರುದಿನ ಅವನು ಎರಡು ಕೇಳಿದ. ಯಲ್ಲವ್ವನಿಗೆ ದಿಗಿಲಾಯಿತು. ಆ ವಾರವೇ ಜಮಖಂಡಿಗೆ ಹೋಗಿ, ಹೆಚ್ಚಿಗೆ ಕೊಟ್ಟಿದ್ದು ಒಂದೇ ಒಂದು ಎಂದು ಒಪ್ಪಿಕೊಂಡಳು. ಪಟ್ಟಿಯ ಸುದ್ದಿ ಮಾತ್ರ ನುಂಗಿಕೊಂಡಳು.

“ಯಲ್ಲವ್ವಾರ, ಅವನ ಚಟಕ್ಕಿಂತ ಮೊದಲ ನಿಮ್ಮ ಚಟಾ ಬಿಡಸಬೇಕಾಗೈತ್ರಿ” ಎಂದರು ಡಾಕ್ಟರಮ್ಮ. ಸಂಜೆಯ ಹೊತ್ತು ಕಠಿಣ, ಆಗ ಅವನ ಕೈಗೊಂದು ಕೆಲಸ ಹಚ್ಚಿರಿ ಎಂದೂ ಹೇಳಿಕೊಟ್ಟರು.

ಯಲ್ಲವ್ವ ನಾಚಿಕೆಯಿಂದ ಕುಗ್ಗಿದಳು. ಆದರೆ ಉಳಿದ ಒಂಬತ್ತು ಗುಳಿಗೆಗಳನ್ನು ಒಗೆದಳೇ? ಇಲ್ಲ. ಜಾಗ ಬದಲಿಸಿದಳು, ಅಷ್ಟೇ. ಗೋಡೆಯ ಮಾಡಿನಲ್ಲಿ ಅತ್ತೆಯ ಕಾಲದ ಒಂದು ಬೂದಿ ಡಬ್ಬಿ ಇತ್ತು, ಇಪ್ಪತ್ತು ವರ್ಷದಿಂದ ಯಾರೂ ಮುಟ್ಟದ್ದು. ಪಟ್ಟಿಯನ್ನು ಮಡಚಿ ಆ ಬೂದಿಯಲ್ಲಿ ಹೂತಿಟ್ಟಳು.

ಬೂದಿ ಬೇಕಾಗುವುದು ಕೆಚ್ಚುವುದಕ್ಕೆ. ಲೂಮಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ನೂಲು, ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ ಬೆರಳಲ್ಲಿ ಹೊಸೆಯಬೇಕು. ಬೆರಳು ಜಾರದಿರಲೆಂದು ನಡುನಡುವೆ ಬೂದಿ ಮುಟ್ಟಬೇಕು. ಸಾವಿರಾರು ಎಳೆ, ಅವಸರ ನಡೆಯದು. ಮಲ್ಲಿನಾಥನ ಕಣ್ಣಿಗೆ ಅದು ಮುದುಕಿಯರ ಕೆಲಸವಾಗಿತ್ತು. ಆದರೂ ತಾಯಿ ಕರೆದಾಗ, ಬೈದ ತಪ್ಪಿಗೋ ಏನೋ, ಬಂದು ಎದುರಿಗೆ ಕೂತ. ಅವಳು ತನ್ನ ಡಬ್ಬಿಯನ್ನು ನಡುವೆ ಸರಿಸಿದಳು. ಅವನು ಕೈ ಎಟುಕುವುದಿಲ್ಲವೆಂದು ಎದ್ದು, ಮಾಡಿನಿಂದ ಅಜ್ಜಿಯ ಡಬ್ಬಿ ತೆಗೆದುಕೊಂಡು ಬಂದು ತೊಡೆಯ ಮೇಲಿಟ್ಟುಕೊಂಡ.

ಯಲ್ಲವ್ವ ಡಬ್ಬಿಯತ್ತ ಕೈ ಚಾಚಿ ಅರ್ಧಕ್ಕೇ ಹಿಂತೆಗೆದಳು. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತದೆ. ಅಷ್ಟರಲ್ಲಿ ಅವನ ಬೆರಳು ಬೂದಿಯೊಳಗೆ ಹೋಗಿ, ಒಂದು ಗಳಿಗೆ ನಿಂತು, ಹೊರಗೆ ಬಂತು. ಮುಖದಲ್ಲಿ ಏನೂ ಕಾಣಲಿಲ್ಲ. ಅವನು ಸುಮ್ಮನೆ ಎಳೆ ಹೊಸೆಯತೊಡಗಿದ. ಏಳುವಾಗ ಡಬ್ಬಿಯನ್ನೂ ಒಯ್ದು ತನ್ನ ಟ್ರಂಕಿನಲ್ಲಿಟ್ಟು ಬೀಗ ಜಡಿದ.

ಅಲ್ಲಿಂದ ಅವಳ ಲೆಕ್ಕವೆಲ್ಲ ತಲೆಕೆಳಗಾಯಿತು. ಅವನು ನಡುಗಿದರೆ, ತಿಂದಿಲ್ಲ ಎಂದು ಸಮಾಧಾನ. ಚೆನ್ನಾಗಿ ನಿದ್ದೆ ಮಾಡಿದರೆ ಭಯ. ಗಂಡ ರಾಚಪ್ಪನಿಗೆ ಹೇಳಿಕೊಂಡಾಗ ಅವನು, ಸೀದಾ ಕೇಳಿಬಿಡು ಎಂದ. ಅವಳು ಕೇಳಲಿಲ್ಲ. ತಿಂದೆ ಎಂದುಬಿಟ್ಟರೆ ತಿನ್ನಿಸಿದವಳು ತಾನೇ ಆಗುತ್ತಿದ್ದಳು.

ಐದು ನಾಲ್ಕಾಯಿತು, ನಾಲ್ಕು ಮೂರಾಯಿತು. ಸಂಜೆ ಸಂಜೆಗೂ ತಾಯಿ ಮಗ ಹಾಸಿನ ಆಚೆ ಈಚೆ ಕೂತರು. ತಮ್ಮ ಲೂಮು ಮುಗಿದಾಗ ಓಣಿಯವರ ಹಾಸು ಹಿಡಿದರು. ಮೊದಮೊದಲು ಅವನ ಎಳೆಗಳು ಜಗ್ಗಿದರೆ ಬಿಚ್ಚುತ್ತಿದ್ದವು. ಅವಳು ಕೀಟಲೆ ಮಾಡುತ್ತ ಮತ್ತೆ ಹೊಸೆಸಿದಳು. ಅವನು ಎಡಗೈಯವನು, ಅವನ ಹೊಸೆತ ಎಡಕ್ಕೆ ತಿರುಗುತ್ತಿತ್ತು. ಸಣ್ಣವನಿದ್ದಾಗ ರೊಟ್ಟಿ ಮುರಿಯುತ್ತಿದ್ದುದೂ ಎಡಗೈಯಿಂದಲೇ ಎಂಬುದು ಅವಳಿಗೆ ನೆನಪಾಗಿ ಮುದ್ದು ಉಕ್ಕಿತು.

ಕೊನೆಯ ಗುಳಿಗೆ ನುಂಗಿ ಎಂಟು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವನೇ ಡಬ್ಬಿ ತಂದು ಅವಳ ಮುಂದಿಟ್ಟ.

“ಇದನ್ನ ನೀನ ಒಗದ ಬಾ ಅವ್ವಾ. ನೀನ ಇಟ್ಟಾಕಿ.”

ಯಲ್ಲವ್ವ ಡಬ್ಬಿಯನ್ನು ಮೊರದಲ್ಲಿ ಬೋರಲು ಹಾಕಿದಳು. ಬೂದಿಯ ಜೊತೆಗೆ ನೂಲಿನ ಉಂಡೆಯೊಂದು ಉರುಳಿತು. ಸುತ್ತು ಬಿಚ್ಚಿದಳು. ಒಳಗೆ ಪಟ್ಟಿ, ಪಟ್ಟಿಯಲ್ಲಿ ಒಂಬತ್ತಕ್ಕೆ ಒಂಬತ್ತು ಗುಳಿಗೆ.

ಅವಳು ಒಂಬತ್ತನ್ನೂ ಬೆರಳಿಂದ ಮುಟ್ಟಿ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಮೊದಲ ದಿನವೇ ಹೇಳಬಾರದಾಗಿತ್ತೇ ಎಂದು ಕೇಳಿದಳು.

“ಹೇಳಿದ್ರ ನೀ ಕಸಗೊಂತಿದ್ದಿ” ಎಂದ ಮಲ್ಲಿನಾಥ. “ಕೈಯಾಗ ಇದ್ದೂ ಬಿಡಬೇಕಾಗಿತ್ತು ನನಗ. ತಿನ್ನಬೇಕು ಅನ್ನಿಸಿದಾಗೊಮ್ಮೆ ಒಂದೊಂದ ತುಂಡ ಎಳಿ ಕೆಚ್ಚಿ ಅದರ ಮ್ಯಾಲ ಸುತ್ತಿದೆ.”

ಅವಳು ನೂಲನ್ನು ಬೆರಳ ನಡುವೆ ಎಳೆದು ನೋಡಿದಳು. ಗೇಣಿಗೊಂದು ಕೆಚ್ಚು, ಎಲ್ಲವೂ ಎಡಕ್ಕೆ ತಿರುಗಿದವು. ಜಗ್ಗಿದಳು. ಒಂದೂ ಬಿಚ್ಚಲಿಲ್ಲ.

ಯಲ್ಲವ್ವ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೆಚ್ಚುಗಳನ್ನು ಎಣಿಸತೊಡಗಿದಳು. ನೂರರ ಹತ್ತಿರ ಬಂದಾಗ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. ನೂಲು ಇನ್ನೂ ಅರ್ಧದಷ್ಟು ಉಳಿದಿತ್ತು. ಅವಳು ಮತ್ತೆ ಒಂದರಿಂದ ಶುರುಮಾಡಿದಳು.